ಒಂದೇ ಶಾಫ್ಟು, ಮೂರು ಕೆಲಸ: ಹಳೆ ಕಂಬೈನ್ ಮಷಿನ್ನಿನ ರಿಪೇರಿ ದಿನಚರಿ

ನಮ್ಮ ಹಳೆ ಕೊಟ್ಟಿಗೆಯಲ್ಲಿ ಈಗ ದನ ಇಲ್ಲ. ಮೂರು ವರ್ಷದ ಹಿಂದೆ ನೆಲಕ್ಕೆ ಸಿಮೆಂಟು ಹಾಕಿಸಿ, ಪಡುವಣ ಗೋಡೆಗೆ ಒಂದು ಕಿಟಕಿ ಇಡಿಸಿ, ಮರಗೆಲಸಕ್ಕೆ ಜಾಗ ಮಾಡಿಕೊಂಡೆ. ಕೈ ಕೀಸುಳಿ, ಕೈ ಗರಗಸ, ಸಣ್ಣದೊಂದು ಡ್ರಿಲ್ಲು, ಇಷ್ಟೇ ಇದ್ದದ್ದು. ಒಂದು ಹಲಸಿನ ಹಲಗೆಯನ್ನು ಕೀಸುಳಿಯಲ್ಲಿ ಸಮ ಮಾಡೋಕೆ ಅರ್ಧ ದಿನ ಹೋಗುತ್ತಿತ್ತು. ಕಳೆದ ನವೆಂಬರಿನಲ್ಲಿ, ಕೆಲಸ ನಿಲ್ಲಿಸಿದ್ದ ಒಂದು ಬಡಗಿ ಶೆಡ್ಡಿನಿಂದ, ಮರ ಕೀಸುವ, ಕೊಯ್ಯುವ, ತೂತು ಕೊರೆಯುವ ಮೂರೂ ಕೆಲಸ ಮಾಡುವ 12 ಇಂಚಿನ ಕಂಬೈನ್ ಮಷಿನ್ನು ಸಿಕ್ಕಿತು. ಬೀಡು ಕಬ್ಬಿಣದ್ದು. ಪಿಕಪ್ಪಿನಿಂದ ಇಳಿಸೋಕೆ ಆರು ಜನ ಬೇಕಾಯಿತು. ಅಡಿಕೆ ಮರದ ತುಂಡುಗಳನ್ನು ಕೆಳಗೆ ಉರುಳು ಹಾಕಿ ಒಳಗೆ ತಳ್ಳಿದೆವು.

ನಮ್ಮದು ತೀರ್ಥಹಳ್ಳಿ ಕಡೆ. ಇಲ್ಲಿನ ಬಡಗಿ ಶೆಡ್ಡುಗಳಲ್ಲಿ ಈ ಥರದ ಮಷಿನ್ನು ಬೇಕಾದಷ್ಟಿವೆ. ಮೇಲೆ ಎರಡು ಟೇಬಲ್ಲು, ನಡುವೆ ಮೂರು ಬ್ಲೇಡು ಕೂರಿಸಿದ ದುಂಡನೆಯ ಕಟ್ಟರ್ ಬ್ಲಾಕು. ಹಲಗೆಯನ್ನು ಟೇಬಲ್ಲಿನ ಮೇಲೆ ತಳ್ಳಿದರೆ ಅಡಿಮುಖ ಸಮ ಆಗುತ್ತದೆ. ಅದೇ ಹಲಗೆಯನ್ನು ಬ್ಲಾಕಿನ ಕೆಳಗಡೆ ರೋಲರ್ ಮೂಲಕ ಕೊಟ್ಟರೆ ದಪ್ಪ ಒಂದೇ ಅಳತೆಗೆ ಬರುತ್ತದೆ. ಬ್ಲಾಕಿನ ಶಾಫ್ಟು ಒಂದು ಪಕ್ಕಕ್ಕೆ ಹೊರಗೆ ಚಾಚಿಕೊಂಡಿದೆ. ಅದಕ್ಕೇ ಸರ್ಕಲ್ ಬ್ಲೇಡು ಹಾಕಿದರೆ ಗರಗಸ, ಡ್ರಿಲ್ ಬಿಟ್ಟು ಹಿಡಿಯುವ ಚಕ್ಕು ಹಾಕಿದರೆ ತೂತು ಕೊರೆಯುವ ಮಷಿನ್ನು. ಎಲ್ಲ ಕೆಲಸವೂ ಆ ಒಂದು ಶಾಫ್ಟಿನ ಮೇಲೆ ನಿಂತಿದೆ. ಅದು ಸರಿ ಇದ್ದರೆ ಮೂರೂ ಸರಿ, ಅದು ಅಲುಗಾಡಿದರೆ ಮೂರೂ ಕೆಟ್ಟ ಹಾಗೆ. ಇದು ನನಗೆ ಅರ್ಥ ಆಗೋಕೆ ಮೂರು ತಿಂಗಳು ಹಿಡಿಯಿತು. ಆ ಮೂರು ತಿಂಗಳಲ್ಲಿ ಬರೆದಿಟ್ಟುಕೊಂಡದ್ದನ್ನು ನೋಡಿಕೊಂಡು ಇದನ್ನು ಬರೆಯುತ್ತಿದ್ದೇನೆ.

ತುಕ್ಕು ಮತ್ತು ಮೊದಲ ಸದ್ದು

ಮಾರಿದವರು "ಕಂಡೀಷನ್ನು ಚೆನ್ನಾಗಿದೆ" ಅಂದಿದ್ದರು. ಮೇಲಿನ ಎರಡೂ ಟೇಬಲ್ಲಿನ ಮೇಲೆ ಕಾಫಿಪುಡಿ ಬಣ್ಣದ ತುಕ್ಕು ಇತ್ತು. ಅದು ಮೇಲ್ಮೈ ತುಕ್ಕಷ್ಟೇ, ಗುಳಿ ಬಿದ್ದಿರಲಿಲ್ಲ. ಡೀಸೆಲ್ ಬಳಿದು ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಒಂದು ಮರದ ತುಂಡಿಗೆ 220 ನಂಬರಿನ ಎಮರಿ ಹಾಳೆ ಸುತ್ತಿ ಉದ್ದುದ್ದಕ್ಕೆ ಉಜ್ಜಿದೆ, ಆಮೇಲೆ 400. ಗ್ರೈಂಡರಿಗೆ ಡಿಸ್ಕು ಹಾಕಿ ಉಜ್ಜಿದರೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಅಂತ ಸುಮಾರು ಜನ ಹೇಳಿದರು. ಹಾಗೆ ಮಾಡಲೇಬಾರದು. ಗ್ರೈಂಡರು ಒಂದು ಕಡೆ ಒಂದು ಕ್ಷಣ ಜಾಸ್ತಿ ನಿಂತರೆ ಅಲ್ಲಿ ತಗ್ಗು ಬಿತ್ತು ಅಂತಲೇ ಲೆಕ್ಕ. ಬೀಡು ಟೇಬಲ್ಲಿನ ಬೆಲೆ ಇರುವುದೇ ಅದು ಸಮ ಇರುವುದರಲ್ಲಿ.

ತುಕ್ಕು ಹೋದ ಮೇಲೆ ಜೇನುಮೇಣ ಹಚ್ಚಿದೆ. ನಮ್ಮ ಕಡೆ ಜೇನು ಸಾಕುವವರು ಜಾಸ್ತಿ, ಮೇಣಕ್ಕೆ ಬರ ಇಲ್ಲ. ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಲೆಯಿಂದ ದೂರ ತಂದು ಟರ್ಪೆಂಟೈನ್ ಸೇರಿಸಿದರೆ ಬೆಣ್ಣೆಯ ಹಾಗೆ ಆಗುತ್ತದೆ. ಬಟ್ಟೆಯಲ್ಲಿ ತೆಳ್ಳಗೆ ಸವರಿ, ಒಣಗಿದ ಮೇಲೆ ಚೆನ್ನಾಗಿ ಉಜ್ಜಿ ತೆಗೆದರೆ ಹಲಗೆ ಸರಾಗ ಜಾರುತ್ತದೆ. ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ನೋಡಿದ್ದೆ. ಅದು ಎರಡು ವಾರದಲ್ಲಿ ಅಂಟಂಟಾಗಿ ಹೊಟ್ಟು ಹಿಡಿದುಕೊಂಡಿತು. ಎಣ್ಣೆ ತಾಗಿದ ಮರಕ್ಕೆ ಪಾಲಿಶ್ ಕೂಡ ಸರಿಯಾಗಿ ಹಿಡಿಯುವುದಿಲ್ಲ.

ಸ್ವಿಚ್ಚು ಹಾಕಿದ ದಿನ ಮೋಟಾರು "ಹೂಂ" ಅಂತ ನಿಂತುಬಿಟ್ಟಿತು. ತಿರುಗಲಿಲ್ಲ. ತಕ್ಷಣ ಆಫ್ ಮಾಡಿದೆ. 2 ಎಚ್‌ಪಿ ಸಿಂಗಲ್ ಫೇಸ್ ಮೋಟಾರು, 1440 ಆರ್‌ಪಿಎಮ್. ಬೆಲ್ಟು ಬಿಚ್ಚಿ ಹಾಕಿದರೆ ತಿರುಗುತ್ತದೆ, ಬೆಲ್ಟು ಹಾಕಿದರೆ ಇಲ್ಲ. ಕಾರಣ ಎರಡಿತ್ತು. ಒಂದು, ಮೋಟಾರಿನೊಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚಿಗೆ ಹೊಟ್ಟು ತುಂಬಿತ್ತು. ಸ್ಟಾರ್ಟ್ ಆಗುವಾಗ ಕೆಪಾಸಿಟರನ್ನು ಜೋಡಿಸಿ, ವೇಗ ಬಂದ ಮೇಲೆ "ಟಿಕ್" ಅಂತ ಬಿಡಿಸುವುದು ಅದರ ಕೆಲಸ. ಕಾಂಟ್ಯಾಕ್ಟು ಸರಿಯಾಗಿ ಕೂರುತ್ತಿರಲಿಲ್ಲ, ಹಾಗಾಗಿ ಸ್ಟಾರ್ಟಿಂಗ್ ಬಲ ಸಾಲುತ್ತಿರಲಿಲ್ಲ. ಬ್ರಷ್ಷಿನಲ್ಲಿ ಕ್ಲೀನ್ ಮಾಡಿ, ಕಾಂಟ್ಯಾಕ್ಟು ತಿಕ್ಕಿ, ಹೊಸ ಕೆಪಾಸಿಟರು ಹಾಕಿದೆ. ಕೆಪಾಸಿಟರು ಮುಟ್ಟುವ ಮುಂಚೆ ಅದರಲ್ಲಿ ಉಳಿದ ಚಾರ್ಜು ಇಳಿಸಬೇಕು. ಹಳೆ ಕಾಲದ ಉರಿಯುವ ಬಲ್ಬು ಹಾಕಿದ ಹೋಲ್ಡರಿನ ಎರಡು ವಯರನ್ನು ಅದರ ಎರಡು ತುದಿಗೆ ತಾಗಿಸಿದರೆ ಸಾಕು.

ಎರಡನೆಯದು ವಯರು. ಮೀಟರಿನಿಂದ ಕೊಟ್ಟಿಗೆಗೆ 25 ಮೀಟರ್. ಅಷ್ಟು ದೂರ 1.5 ಸ್ಕ್ವೇರ್ ಎಂಎಂ ವಯರಿನಲ್ಲಿ ಎಳೆದಿದ್ದೆ. ಹೋಗಿ ಬರುವ ದಾರಿ 50 ಮೀಟರ್, ಅಂದರೆ ವಯರಿನ ತಡೆಯೇ ಸುಮಾರು 0.6 ಓಮ್. ಮೋಟಾರು ಸ್ಟಾರ್ಟ್ ಆಗುವಾಗ ಎಳೆಯುವ 60 ಆಂಪಿಯರಿಗೆ 36 ವೋಲ್ಟು ದಾರಿಯಲ್ಲೇ ಹೋಯಿತು. ಸಂಜೆ ಹೊತ್ತು ನಮ್ಮ ಲೈನಿನಲ್ಲಿ ವೋಲ್ಟೇಜು ಹೇಗೂ ಇಳಿದಿರುತ್ತದೆ. ಮೋಟಾರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 180 ಸಿಕ್ಕಿದರೆ ಬಲ ಶೇಕಡಾ 61 ಮಾತ್ರ. ವಯರನ್ನು 4 ಸ್ಕ್ವೇರ್ ಎಂಎಂಗೆ ಬದಲಾಯಿಸಿ, ಕೊಟ್ಟಿಗೆಯ ಹಿಂದೆಯೇ ಬೇರೆ ಅರ್ಥಿಂಗ್ ಗುಂಡಿ ಮಾಡಿಸಿದೆ. ಈಗ ಮೋಟಾರು ಎರಡು ಸೆಕೆಂಡಿನಲ್ಲಿ ವೇಗ ಹಿಡಿಯುತ್ತದೆ. ಆ "ಟಿಕ್" ಸದ್ದು ಕೇಳಿದರೆ ನನಗೆ ಸಮಾಧಾನ.

ಸಾದಾ ಸ್ವಿಚ್ಚು ತೆಗೆದು, ಬಟನ್ನು ಒತ್ತಿ ಮೋಟಾರು ಶುರು ಮಾಡುವ ಡಿಒಎಲ್ ಸ್ಟಾರ್ಟರು ಹಾಕಿಸಿದ್ದನ್ನೂ ಇಲ್ಲೇ ಹೇಳುತ್ತೇನೆ. ಮಲೆನಾಡಿನಲ್ಲಿ ಕರೆಂಟು ಹೋಗಿ ಬರುವುದು ನಿತ್ಯದ ಮಾತು. ಸಾದಾ ಸ್ವಿಚ್ಚಾದರೆ, ಕರೆಂಟು ಹೋದಾಗ ನಾವು ಬ್ಲೇಡಿನ ಹತ್ತಿರ ಕೈ ಹಾಕಿ ಸಿಪ್ಪೆ ತೆಗೆಯುತ್ತಿರುತ್ತೇವೆ, ಅಷ್ಟರಲ್ಲಿ ಕರೆಂಟು ಬಂದು ಬ್ಲಾಕು ತಿರುಗುತ್ತದೆ. ಸ್ಟಾರ್ಟರಿನೊಳಗೆ ಇರುವ ನೋ-ವೋಲ್ಟ್ ಕಾಯಿಲು ಕರೆಂಟು ಹೋದ ಕೂಡಲೇ ಬಿಟ್ಟುಕೊಡುತ್ತದೆ. ಮತ್ತೆ ಹಸಿರು ಬಟನ್ನು ಒತ್ತದೆ ಮಷಿನ್ನು ಶುರು ಆಗುವುದಿಲ್ಲ. ಬೇರೆ ಯಾವ ಖರ್ಚು ಮುಂದೆ ಹಾಕಿದರೂ ಪರವಾಗಿಲ್ಲ, ಇದನ್ನು ಮುಂದೆ ಹಾಕಬೇಡಿ.

ಬೇರಿಂಗು

ಮೋಟಾರು ಸರಿಯಾದ ಮೇಲೆ ಬ್ಲಾಕಿನ ಸದ್ದು ಕೇಳಿಸಿತು. ಬೆಲ್ಟು ಬಿಚ್ಚಿ ಶಾಫ್ಟನ್ನು ಕೈಯಲ್ಲಿ ತಿರುಗಿಸಿದರೆ ಒಳಗೆ ಸಣ್ಣ ಮರಳು ಇದ್ದ ಹಾಗೆ. ದೊಡ್ಡ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ತಾಗಿಸಿ ಕೇಳಿದೆ. ಗರಗಸದ ಕಡೆಯದ್ದು ಕರಕರ, ಪುಲ್ಲಿ ಕಡೆಯದ್ದು ಸ್ವಲ್ಪ ಕಡಿಮೆ. ಎರಡನ್ನೂ ಬದಲಾಯಿಸುವುದು ಅಂತ ತೀರ್ಮಾನಿಸಿದೆ. ಒಂದನ್ನು ಬದಲಾಯಿಸಿ ಇನ್ನೊಂದನ್ನು ಬಿಟ್ಟರೆ ಆರು ತಿಂಗಳಲ್ಲಿ ಮತ್ತೆ ಇದೇ ಕೆಲಸ.

ಬಿಚ್ಚುವ ಮುಂಚೆ ಪ್ರತಿ ಮನೆಗೂ ಫ್ರೇಮಿಗೂ ಸೇರಿಸಿ ಪಂಚಿನಿಂದ ಗುರುತು ಹಾಕಿಕೊಂಡೆ, ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು. ಪುಲ್ಲಿಯನ್ನು ಸುತ್ತಿಗೆಯಿಂದ ಬಡಿಯಬಾರದು, ಪುಲ್ಲರ್ ಹಾಕಿ ಎಳೆಯಬೇಕು. ನಮ್ಮೂರಿನ ಟ್ರ್ಯಾಕ್ಟರ್ ಗ್ಯಾರೇಜಿನವರು ಒಂದು ದಿನಕ್ಕೆ ಕೊಟ್ಟರು. ಒಳಗಿದ್ದದ್ದು 6206, ಅಂದರೆ 30 ಮಿ.ಮೀ. ಒಳತೂತು, 62 ಹೊರ ಅಳತೆ, 16 ಅಗಲ. ಹಳೆಯದಕ್ಕೆ ತಗಡಿನ ಮುಚ್ಚಳ ಇತ್ತು. ಹೊಟ್ಟಿನ ಜಾಗಕ್ಕೆ ಅದು ಸಾಲದು. ತಗಡು ಒಳರಿಂಗಿಗೆ ತಾಗಿರುವುದಿಲ್ಲ, ಆ ಸಂದಿನಲ್ಲೇ ನುಣ್ಣನೆ ಹುಡಿ ಒಳಗೆ ಹೋಗಿ ಗ್ರೀಸನ್ನು ಗಟ್ಟಿ ಮಾಡುತ್ತದೆ. ರಬ್ಬರ್ ಸೀಲಿನದ್ದು, ಅಂಗಡಿಯಲ್ಲಿ "2ಆರ್‌ಎಸ್" ಅಂತ ಕೇಳಿ ತಂದೆ.

ಮೊದಲ ಬೇರಿಂಗು ಕೂರಿಸುವಾಗ ತಪ್ಪಾಯಿತು. ಮರದ ತುಂಡಿಟ್ಟು ಹೊರರಿಂಗಿಗೆ ಹೊಡೆದೆ. ಕೂತಿತು, ಆದರೆ ತಿರುಗಿಸಿದರೆ ಪ್ರತಿ ಸುತ್ತಿಗೂ ಬೆರಳಿಗೆ ಸಣ್ಣ ಸಣ್ಣ ತಡೆ ಸಿಗುತ್ತಿತ್ತು. ಹೊಡೆತ ಗುಂಡುಗಳ ಮೂಲಕ ಹಾದು ಒಳಗಿನ ದಾರಿಯಲ್ಲಿ ಗುಳಿ ಬಿದ್ದಿತ್ತು. ಹೊಸ ಬೇರಿಂಗು ಒಂದು ಹೋಯಿತು. ಶಾಫ್ಟಿಗೆ ಕೂರಿಸುವಾಗ ಏಟು ಒಳರಿಂಗಿಗೆ ಮಾತ್ರ ಬೀಳಬೇಕು. ಲೇತಿನವರ ಹತ್ತಿರ ಅಳತೆ ಕೊಟ್ಟು, ಒಳರಿಂಗಿಗೆ ಮಾತ್ರ ತಾಗುವ ಪೈಪಿನ ತುಂಡು ಕಡೆಸಿಕೊಂಡು ಬಂದೆ.

ಇನ್ನೊಂದು ಉಪಾಯ ಆ ಲೇತಿನವರೇ ಹೇಳಿದರು. ಸೀಲು ಇರುವ ಬೇರಿಂಗನ್ನು ಬಿಸಿ ಎಣ್ಣೆಗೆ ಹಾಕಬಾರದು, ಒಳಗಿನ ಗ್ರೀಸು ಕರಗಿ ಹೋಗುತ್ತದೆ. ಹಳೆ ಕಾಲದ 100 ವ್ಯಾಟಿನ ಉರಿಯುವ ಬಲ್ಬಿನ ಮೇಲೆ ಬೇರಿಂಗನ್ನು ಇಡಬೇಕು. ಒಳರಿಂಗು ಮೊದಲು ಬಿಸಿಯಾಗಿ ಒಂಚೂರು ಹಿಗ್ಗುತ್ತದೆ. ಕೈಗೆ ಬಟ್ಟೆ ಸುತ್ತಿ ಹಿಡಿಯುವಷ್ಟು ಬಿಸಿ ಆದರೆ ಸಾಕು. ಶಾಫ್ಟಿನ ತುದಿಗೆ ಮಂಜುಗಡ್ಡೆ ಕಟ್ಟಿದ ಬಟ್ಟೆ ಸುತ್ತಿ ಹತ್ತು ನಿಮಿಷ ಬಿಟ್ಟು, ಒರೆಸಿ, ಬೇರಿಂಗು ಹಾಕಿದೆ. ಮುಕ್ಕಾಲು ಭಾಗ ತಾನೇ ಜಾರಿ ಹೋಯಿತು. ಉಳಿದದ್ದು ಪೈಪಿಟ್ಟು ಮೂರು ಮೆದು ಏಟಿಗೆ ಕೂತಿತು. ಎರಡೂ ಕೂರಿಸಿ, ಮನೆ ಬಿಗಿದು, ಬೆಲ್ಟಿಲ್ಲದೆ ಬ್ಲಾಕನ್ನು ಕೈಯಿಂದ ಒಂದು ಸಲ ತಿರುಗಿಸಿ ಬಿಟ್ಟೆ. ಸದ್ದೇ ಇಲ್ಲದೆ ಒಂದೇ ಸಮ ತಿರುಗಿ ನಿಧಾನಕ್ಕೆ ನಿಂತಿತು. ಆ ದಿನ ಬೇರೆ ಕೆಲಸ ಮಾಡಲಿಲ್ಲ, ಸುಮ್ನೆ ಅದನ್ನೇ ನಾಲ್ಕೈದು ಸಲ ತಿರುಗಿಸಿ ನೋಡಿದೆ.

ಬೆಲ್ಟು ಬಿ-52, ಎರಡು. ಎರಡೂ ಒಟ್ಟಿಗೇ ಹೊಸದು ಹಾಕಬೇಕು. ಒಂದು ಹಳೆಯದು ಒಂದು ಹೊಸದು ಹಾಕಿದರೆ ಭಾರವೆಲ್ಲ ಬಿಗಿ ಇರುವ ಹೊಸದರ ಮೇಲೆ ಬೀಳುತ್ತದೆ. ಎರಡು ಪುಲ್ಲಿಯ ನಡುವೆ ಬೆರಳಲ್ಲಿ ಒತ್ತಿದರೆ ಸುಮಾರು 6 ಮಿ.ಮೀ. ತಗ್ಗುವ ಹಾಗೆ ಬಿಗಿ ಮಾಡಿದೆ. ಜಾಸ್ತಿ ಬಿಗಿ ಮಾಡಿದರೆ ಈಗಷ್ಟೇ ಹಾಕಿದ ಬೇರಿಂಗಿಗೇ ಕೇಡು.

ಬ್ಲೇಡು ಕೂರಿಸಿದ ಭಾನುವಾರ

ಮಷಿನ್ನಿನ ಇಡೀ ಜೀವ ಇಲ್ಲಿದೆ ಅಂತ ನಾನು ನಂಬಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಹಳೆ ಬ್ಲೇಡು ಮೂರನ್ನೂ ಸಾಣೆಗೆ ಕೊಟ್ಟು ತಂದೆ. ತಂದ ಮೇಲೆ ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದೆ. ಎರಡು ಒಂದೇ ತೂಕ, ಮೂರನೆಯದು 4 ಗ್ರಾಂ ಜಾಸ್ತಿ. ಸುಮಾರು 3,800 ಸುತ್ತು ತಿರುಗುವ ಬ್ಲಾಕಿನಲ್ಲಿ 4 ಗ್ರಾಂ ಸಣ್ಣದಲ್ಲ, ಮಷಿನ್ನು ನಡುಗುತ್ತದೆ. ವಾಪಸ್ಸು ಕೊಟ್ಟು, ಭಾರ ಇರುವುದರ ಹಿಂಬದಿಯನ್ನು ಉಜ್ಜಿಸಿ, ಮೂರೂ ಒಂದು ಗ್ರಾಮಿನೊಳಗೆ ಬರುವ ಹಾಗೆ ಮಾಡಿಸಿದೆ.

ಬ್ಲೇಡು ಕೂರುವ ತೋಡಿನಲ್ಲಿ ವರ್ಷಗಟ್ಟಲೆಯ ಅಂಟು ಹೆಪ್ಪುಗಟ್ಟಿತ್ತು. ಅದನ್ನು ಹಿತ್ತಾಳೆ ಪಟ್ಟಿಯಿಂದ ಕೆರೆದು, ಡೀಸೆಲ್ಲಿನಲ್ಲಿ ತೊಳೆದು, ಒಣಗಿಸಿದೆ. ಅಲ್ಲಿ ಒಂದು ಸಿಪ್ಪೆಯ ಚೂರು ಉಳಿದರೂ ಬ್ಲೇಡು ಓರೆ ಕೂರುತ್ತದೆ.

ಆಮೇಲೆ ಎತ್ತರ ಹೊಂದಿಸುವುದು. ನಾನು ಟೇಬಲ್ಲಿನ ಮೇಲೆ ಸ್ಕೇಲಿಟ್ಟು ಕಣ್ಣಳತೆಯಲ್ಲಿ ನೋಡುತ್ತಿದ್ದೆ. ನಮ್ಮ ಕೇರಿಯ ಆಚಾರ್ರು ಅಷ್ಟರಲ್ಲಿ ಬಂದರು. ಎಪ್ಪತ್ತು ದಾಟಿದವರು, ಈಗ ಕೆಲಸಕ್ಕೆ ಹೋಗುವುದಿಲ್ಲ. ಸ್ವಲ್ಪ ಹೊತ್ತು ನೋಡಿ, "ಕಣ್ಣಿಗೆ ಕಾಣೂದಲ್ಲ ಮಾರಾಯ್ರೇ ಅದು. ಒಂದು ಕಡ್ಡಿ ಕೊಡಿ" ಅಂದರು.

ಕೀಸಿ ನೇರ ಮಾಡಿದ ಒಂದು ಅಡಿ ಉದ್ದದ ಸಾಗುವಾನಿ ಪಟ್ಟಿ ಕೊಟ್ಟೆ. ಅದನ್ನು ಹಿಂದಿನ ಟೇಬಲ್ಲಿನ (ಕೀಸಿದ ಹಲಗೆ ಹೊರಬರುವ ಕಡೆಯದ್ದು) ಮೇಲೆ ಮಲಗಿಸಿ, ತುದಿ ಬ್ಲಾಕಿನ ಮೇಲೆ ಚಾಚುವ ಹಾಗಿಟ್ಟರು. ಟೇಬಲ್ಲಿನ ಅಂಚಿಗೆ ಸರಿಯಾಗಿ ಪಟ್ಟಿಯ ಮೇಲೆ ಪೆನ್ಸಿಲಿನಿಂದ ಒಂದು ಗೀಟು. ಪ್ಲಗ್ಗು ಕಿತ್ತಿದ್ದೇನಾ ಅಂತ ಎರಡು ಸಲ ಕೇಳಿ, ಬ್ಲಾಕನ್ನು ಪುಲ್ಲಿ ಹಿಡಿದು ನಿಧಾನ ತಿರುಗಿಸಿದರು. ಬ್ಲೇಡಿನ ಬಾಯಿ ಪಟ್ಟಿಯ ಅಡಿಗೆ ತಾಗಿ, ಪಟ್ಟಿಯನ್ನು ಒಂಚೂರು ಮುಂದಕ್ಕೆ ಹೊತ್ತುಕೊಂಡು ಹೋಗಿ ಬಿಟ್ಟಿತು. ಟೇಬಲ್ಲಿನ ಅಂಚಿಗೆ ಸರಿಯಾಗಿ ಎರಡನೇ ಗೀಟು ಹಾಕಿದರು. "ಎರಡು ಗೀಟಿನ ನಡುವೆ ಒಂದು ನೂಲು ಇರಬೇಕು. ಮೂರು ಬ್ಲೇಡಿಗೂ, ಎರಡು ತುದಿಗೂ ಇದೇ ಆಗಬೇಕು. ಅಷ್ಟೇ."

ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು, ಸುಮಾರು 3 ಮಿ.ಮೀ. ರಾತ್ರಿ ಕೂತು ಲೆಕ್ಕ ಹಾಕಿದೆ. ಬ್ಲೇಡಿನ ಬಾಯಿ ಸುತ್ತುವ ವೃತ್ತದ ವ್ಯಾಸ 90 ಮಿ.ಮೀ. ಅದು ಪಟ್ಟಿಯನ್ನು 3 ಮಿ.ಮೀ. ಎಳೆಯಿತು ಅಂದರೆ ಬ್ಲೇಡು ಟೇಬಲ್ಲಿಗಿಂತ ಎತ್ತರ ಇರುವುದು ಹತ್ತಿರ ಹತ್ತಿರ 0.025 ಮಿ.ಮೀ. ಮಾತ್ರ. ತಲೆಕೂದಲಿನ ಅರ್ಧಕ್ಕಿಂತ ಕಡಿಮೆ. ಯಾವ ಸ್ಕೇಲಿನಲ್ಲೂ ಕಾಣದ ಅಳತೆಯನ್ನು ಒಂದು ಪಟ್ಟಿ ಮತ್ತು ಎರಡು ಪೆನ್ಸಿಲ್ ಗೀಟು ಹಿಡಿದುಕೊಡುತ್ತವೆ. ಆಚಾರ್ರು ಈ ಲೆಕ್ಕ ಮಾಡಿದವರಲ್ಲ, ಆದರೆ ಅವರ ಕೈಗೆ ಅದು ಗೊತ್ತಿತ್ತು.

ಒಂದೊಂದು ಬ್ಲೇಡಿಗೆ ಎಡ ತುದಿ, ಬಲ ತುದಿ ಅಂತ ನೋಡುತ್ತಾ ಹೋದರೆ ಎರಡೂವರೆ ಗಂಟೆ. ಬೋಲ್ಟು ಬಿಗಿಯುವಾಗ ಬ್ಲೇಡು ಒಂಚೂರು ಏಳುತ್ತದೆ. ಅದಕ್ಕೆ ನಡುವಿನಿಂದ ಶುರು ಮಾಡಿ ಎರಡೂ ಕಡೆಗೆ, ಮೂರು ಸುತ್ತಿನಲ್ಲಿ ಬಿಗಿಯಬೇಕು. ಮೊದಲ ಸುತ್ತಿಗೆ ಹಿಡಿದುಕೊಳ್ಳುವಷ್ಟು, ಎರಡನೆಯದಕ್ಕೆ ಅರ್ಧ ಬಿಗಿ, ಮೂರನೆಯದಕ್ಕೆ ಪೂರ್ತಿ. ಆಮೇಲೆ ಮತ್ತೆ ಪಟ್ಟಿ ಇಟ್ಟು ನೋಡಬೇಕು. ಒಂದು ನಿಮಿಷ ಓಡಿಸಿ, ನಿಲ್ಲಿಸಿ, ಪ್ಲಗ್ಗು ಕಿತ್ತು, ಎಲ್ಲ ಬೋಲ್ಟನ್ನೂ ಇನ್ನೊಮ್ಮೆ ಮುಟ್ಟಿ ನೋಡಬೇಕು. ಓಡುವಾಗ ಬ್ಲೇಡು ಕಳಚಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮೂರೂ ಬ್ಲೇಡು ಒಂದೇ ಎತ್ತರ ಇರುವುದು ಯಾಕೆ ಅಷ್ಟು ಮುಖ್ಯ? ಮೋಟಾರಿಗೆ 8 ಇಂಚಿನ ಪುಲ್ಲಿ, ಬ್ಲಾಕಿಗೆ 3 ಇಂಚಿನದ್ದು. ಹಾಗಾಗಿ ಬ್ಲಾಕು ನಿಮಿಷಕ್ಕೆ 3,840 ಸುತ್ತು. ಮೂರು ಬ್ಲೇಡಿನಿಂದ 11,520 ಕಡಿತ. ನಿಮಿಷಕ್ಕೆ 4 ಮೀಟರ್ ವೇಗದಲ್ಲಿ ಹಲಗೆ ತಳ್ಳಿದರೆ ಒಂದು ಕಡಿತಕ್ಕೂ ಇನ್ನೊಂದಕ್ಕೂ ನಡುವೆ 0.35 ಮಿ.ಮೀ. ಕಣ್ಣಿಗೆ ನುಣುಪು ಕಾಣುತ್ತದೆ. ಒಂದೇ ಬ್ಲೇಡು ಎತ್ತರ ಇದ್ದರೆ ಅದೊಂದೇ ಕಡಿಯುತ್ತದೆ, ಉಳಿದೆರಡು ಸುಮ್ಮನೆ ಸುತ್ತುತ್ತವೆ. ಆಗ ಅಂತರ ಒಂದು ಮಿ.ಮೀ. ದಾಟುತ್ತದೆ. ಹಲಗೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಲೆ ಅಲೆ ಕಾಣುವುದು ಇದೇ ಕಾರಣಕ್ಕೆ.

ಟೇಬಲ್ಲು

ಮೊದಲ ಹಲಗೆ ಹಾಕಿದಾಗ ಮೇಲ್ಮೈ ನುಣುಪಾಗಿ ಬಂತು, ಆದರೆ ಕೊನೆಯ ಎರಡು ಇಂಚು ಗುಳಿ. ಹಿಂದಿನ ಟೇಬಲ್ಲು ಬ್ಲೇಡಿಗಿಂತ ಕೆಳಗಿದ್ದರೆ ಹೀಗಾಗುತ್ತದೆ. ಹಲಗೆಯ ಬಾಲ ಮುಂದಿನ ಟೇಬಲ್ಲು ಬಿಟ್ಟ ಕೂಡಲೇ ಕೆಳಗೆ ಬೀಳುತ್ತದೆ, ಬ್ಲೇಡು ಜಾಸ್ತಿ ಕಚ್ಚುತ್ತದೆ. ಟೇಬಲ್ಲು ಬ್ಲೇಡಿಗಿಂತ ಮೇಲಿದ್ದರೆ ಹಲಗೆಯ ತಲೆ ಅಂಚಿಗೆ ಬಡಿದು ನಿಲ್ಲುತ್ತದೆ, ಅಥವಾ ಮುಂದೆ ಹೋದ ಹಾಗೆ ಕಡಿತ ತೆಳುವಾಗಿ ಹಲಗೆ ಓರೆಯಾಗುತ್ತದೆ. ಬ್ಲೇಡು ಪಟ್ಟಿಯ ಲೆಕ್ಕಕ್ಕೆ ಸರಿಯಿತ್ತು. ಹಾಗಾದರೆ ಟೇಬಲ್ಲೇ ಹೊರತುದಿಯಲ್ಲಿ ಇಳಿದಿರಬೇಕು ಅನ್ನಿಸಿತು.

ನೋಡೋಕೆ ಗಾರೆಯವರು ಗೋಡೆ ಮಟ್ಟಕ್ಕೆ ಬಳಸುವ 6 ಅಡಿ ಅಲ್ಯುಮಿನಿಯಂ ಪಟ್ಟಿ ಬಳಸಿದೆ. ಆ ಪಟ್ಟಿ ನೇರ ಇದೆಯಾ ಅಂತ ಮೊದಲು ನೋಡಬೇಕು. ಪ್ಲೈವುಡ್ಡಿನ ಮೇಲಿಟ್ಟು ಕಟ್ಟರ್ ತುದಿಯಿಂದ ಗೀಟು ಎಳೆದು, ಪಟ್ಟಿಯನ್ನು ಮಗುಚಿ ಅದೇ ಗೀಟಿಗೆ ಹೊಂದಿಸಿದರೆ, ಡೊಂಕು ಇದ್ದಲ್ಲಿ ಅದರ ಎರಡರಷ್ಟು ಸಂದು ಕಾಣುತ್ತದೆ. ನಾಲ್ಕು ಪಟ್ಟಿ ನೋಡಿ ಒಂದನ್ನು ಆರಿಸಿದೆ. ಅದನ್ನು ಎರಡೂ ಟೇಬಲ್ಲಿಗೆ ಸೇರಿಸಿ ಇಟ್ಟು, ಸಂದು ಅಳೆಯುವ ಫೀಲರ್ ಗೇಜಿನ ತೆಳು ಎಲೆಗಳನ್ನು ತೂರಿಸಿದೆ. ಹಿಂದಿನ ಟೇಬಲ್ಲಿನ ಹೊರತುದಿಯಲ್ಲಿ 0.4 ಮಿ.ಮೀ. ಎಲೆ ಒಳಗೆ ಹೋಯಿತು.

ಟೇಬಲ್ಲು ಜಾರುವ ಪಟ್ಟಿಯ ಬೋಲ್ಟು ಸಡಿಲಿಸಿ, ಹೊರಗಡೆಯ ಭಾಗಕ್ಕೆ 0.15 ಮಿ.ಮೀ. ಹಿತ್ತಾಳೆ ಹಾಳೆಯ ಪ್ಯಾಕಿಂಗ್ ಕೊಟ್ಟೆ. ಜಾರುಪಟ್ಟಿ ಗಿಡ್ಡ, ಟೇಬಲ್ಲು ಉದ್ದ, ಹಾಗಾಗಿ ಅಲ್ಲಿ ಕೊಟ್ಟ ಸ್ವಲ್ಪವೇ ತುದಿಯಲ್ಲಿ ಜಾಸ್ತಿ ಆಗುತ್ತದೆ. ಮೂರು ಸಲ ಬಿಚ್ಚಿ ಹಾಕಿ, ಕೊನೆಗೆ 0.05ರ ಎಲೆ ಕೂಡ ಹೋಗದ ಹಾಗೆ ಬಂತು. ಮತ್ತೆ ಬ್ಲೇಡಿಗೆ ಪಟ್ಟಿ ಇಟ್ಟು ಎಲ್ಲ ಮೊದಲಿನಿಂದ ನೋಡಬೇಕಾಯಿತು. ಬೇಸರ ಆಗುವ ಕೆಲಸ. ಆದರೆ ಆ ಕೆಲಸದ ನಂತರ ಇವತ್ತಿನ ತನಕ ಬಾಲ ಗುಳಿ ಬಿದ್ದಿಲ್ಲ.

ಗರಗಸದ ಕಡೆ

ಈ ಥರದ ಮಷಿನ್ನಿನಲ್ಲಿ ಎಲ್ಲರಿಗೂ ಗೊತ್ತಿರಬೇಕಾದ ಒಂದು ಅಪಾಯ ಇದೆ. ಶಾಫ್ಟು ಒಂದೇ. ನಾವು ಮೇಲೆ ಹಲಗೆ ಕೀಸುತ್ತಿರುವಾಗ ಪಕ್ಕದಲ್ಲಿ ಸರ್ಕಲ್ ಬ್ಲೇಡು ಅಷ್ಟೇ ವೇಗದಲ್ಲಿ ತಿರುಗುತ್ತಿರುತ್ತದೆ. 10 ಇಂಚಿನ ಬ್ಲೇಡಿನ ಹಲ್ಲು ಸೆಕೆಂಡಿಗೆ 51 ಮೀಟರ್ ಹೋಗುತ್ತದೆ. ಗಮನ ಎಲ್ಲ ಹಲಗೆಯ ಮೇಲಿರುತ್ತದೆ, ಮೊಣಕೈ ಯಾವ ಕಡೆ ಇದೆ ಅಂತ ಗೊತ್ತಾಗುವುದಿಲ್ಲ. ಆಚಾರ್ರ ಎಡಗೈಯ ಕಿರುಬೆರಳಿಗೆ ತುದಿ ಇಲ್ಲ. ನಾನು ಆ ಬಗ್ಗೆ ಕೇಳಿರಲಿಲ್ಲ. ಅವರೇ ಒಂದು ದಿನ ಬ್ಲೇಡಿನ ಕಡೆ ಕೈ ತೋರಿಸಿ, "ಇದು ಕೀಸುವಾಗ ಹೋದದ್ದು, ಕೊಯ್ಯುವಾಗ ಅಲ್ಲ" ಅಂದರು.

ಅವತ್ತೇ 12 ಮಿ.ಮೀ. ಪ್ಲೈವುಡ್ಡಿನಲ್ಲಿ ಒಂದು ಪೆಟ್ಟಿಗೆ ಮಾಡಿದೆ. ಕೀಸುವ ದಿನ ಬ್ಲೇಡು ತೆಗೆದೇ ಕೆಲಸ. ತೆಗೆಯಲಾಗದ ಅವಸರ ಇದ್ದರೆ ಪೆಟ್ಟಿಗೆ ಮುಚ್ಚಿ ಎರಡು ಚಿಲಕ ಹಾಕದೆ ಸ್ಟಾರ್ಟರು ಒತ್ತುವುದಿಲ್ಲ. ಚಕ್ಕೂ ಅಷ್ಟೇ, ಅದರ ಕೀಲಿ ಒಂದು ದಾರದಲ್ಲಿ ಸ್ಟಾರ್ಟರಿನ ಮೇಲೆಯೇ ನೇತಾಡುತ್ತದೆ. ಕೀಲಿ ಅಲ್ಲಿಲ್ಲ ಅಂದರೆ ಎಲ್ಲೋ ಚಕ್ಕಿನಲ್ಲೇ ಉಳಿದಿದೆ ಅಂತ ಅರ್ಥ. ಬ್ಲೇಡಿನ ನಟ್ಟು ಬಿಚ್ಚುವಾಗ ಗೊಂದಲ ಆಗುವವರಿಗೆ: ಬ್ಲೇಡು ತಿರುಗುವ ಕಡೆಗೇ ತಿರುಗಿಸಿದರೆ ಸಡಿಲ ಆಗುತ್ತದೆ.

ಬ್ಲೇಡಿನ ಹಿಂದೆ ಕತ್ತಿ ಇರಲಿಲ್ಲ. ಕೊಯ್ದ ಸಂದು ಮುಚ್ಚಿಕೊಳ್ಳದ ಹಾಗೆ ಹಿಡಿಯುವ ತೆಳು ಉಕ್ಕಿನ ತಟ್ಟೆ ಅದು. ಹಸಿ ಮರ, ಅದರಲ್ಲೂ ಅಕೇಶಿಯಾ, ಕೊಯ್ಯುತ್ತಿದ್ದ ಹಾಗೆ ಬಿಗಿದುಕೊಂಡು ಬ್ಲೇಡನ್ನು ಹಿಡಿಯುತ್ತದೆ. ಹಿಡಿದರೆ ಹಲಗೆ ನಮ್ಮ ಹೊಟ್ಟೆಯ ಕಡೆಗೇ ಹಾರುತ್ತದೆ. ಈ ಮಷಿನ್ನಿನಲ್ಲಿ ಒಂದು ಅನುಕೂಲ ಇದೆ. ಬ್ಲೇಡು ಇದ್ದಲ್ಲೇ ಇರುತ್ತದೆ, ಮೇಲೆ ಕೆಳಗೆ ಹೋಗುವುದು ಟೇಬಲ್ಲು. ಹಾಗಾಗಿ ಕತ್ತಿಯನ್ನು ಫ್ರೇಮಿಗೇ ಬೋಲ್ಟು ಹಾಕಿದರೆ ಬ್ಲೇಡಿಗೂ ಅದಕ್ಕೂ ಇರುವ ಅಂತರ ಯಾವತ್ತೂ ಬದಲಾಗುವುದಿಲ್ಲ. ನನ್ನ ಬ್ಲೇಡಿನ ತಟ್ಟೆ 2 ಮಿ.ಮೀ. ದಪ್ಪ, ಹಲ್ಲು ಕೊಯ್ಯುವ ಅಗಲ 3. ಕತ್ತಿ ಇವೆರಡರ ನಡುವೆ ಇರಬೇಕು. 2.5 ಮಿ.ಮೀ. ಉಕ್ಕಿನ ಹಾಳೆ ತಂದು, ಬ್ಲೇಡಿನ ಬಾಗಿಗೆ ತಕ್ಕಂತೆ ಕತ್ತರಿಸಿ, ಹಲ್ಲಿನಿಂದ 6 ಮಿ.ಮೀ. ಬಿಟ್ಟು ಕೂರಿಸಿದೆ. ಟೇಬಲ್ಲಿನ ಸೀಳನ್ನು ಸ್ವಲ್ಪ ಉದ್ದ ಮಾಡಬೇಕಾಯಿತು.

ಹಲಸು ಕೊಯ್ದ ಮೇಲೆ ಬ್ಲೇಡಿನ ಹಲ್ಲಿನ ಬುಡದಲ್ಲಿ ಕಂದು ಅಂಟು ಕೂರುತ್ತದೆ. ಆಮೇಲೆ ಹೊಗೆ, ಸುಟ್ಟ ವಾಸನೆ. ಬ್ಲೇಡು ಮೊಂಡಾಯಿತು ಅಂತ ಎಷ್ಟೋ ಜನ ಸಾಣೆಗೆ ಕೊಡುತ್ತಾರೆ. ಅಂಟುವಾಳ ಕಾಯಿ ನೆನೆಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ಬಿಟ್ಟು ಹಳೆ ಟೂತ್ ಬ್ರಷ್ಷಿನಲ್ಲಿ ಉಜ್ಜಿದರೆ ಅಂಟು ಬಿಡುತ್ತದೆ. ತೊಳೆದ ಕೂಡಲೇ ಒಣಗಿಸಿ ಮೇಣ ಸವರಬೇಕು.

ಮಗಳ ಮೇಜು

ಮೊದಲ ನಿಜವಾದ ಕೆಲಸ ಮಗಳಿಗೆ ಓದುವ ಮೇಜು. ಎರಡು ವರ್ಷದ ಹಿಂದೆ ಗಾಳಿಗೆ ಬಿದ್ದ ಹಲಸಿನ ಮರದ ಹಲಗೆ ಅಟ್ಟದಲ್ಲಿ ಒಣಗಿತ್ತು. ಮೇಲ್ಭಾಗಕ್ಕೆ 5 ಇಂಚಿನ ನಾಲ್ಕು ಹಲಗೆ ಅಂಚಿಗೆ ಅಂಚು ಸೇರಿಸಬೇಕು.

ಹಲಸಿನ ನಾರು ಅಡ್ಡಾದಿಡ್ಡಿ. ಜಾಸ್ತಿ ಕಡಿತ ಇಟ್ಟರೆ ಕಿತ್ತು ಬರುತ್ತದೆ. ಅರ್ಧ ಮಿ.ಮೀ. ಇಟ್ಟು, ನಿಧಾನ ತಳ್ಳಿದೆ. ಕೈಗೆ ಹಿಡಿಯಿರುವ ತಳ್ಳುಮಣೆ ಎರಡು ಮಾಡಿಕೊಂಡಿದ್ದೇನೆ, ಬರಿಗೈ ಬ್ಲಾಕಿನ ಮೇಲೆ ಹಾಯುವುದಿಲ್ಲ. ಒಂದು ಅಡಿಗಿಂತ ಗಿಡ್ಡ ತುಂಡನ್ನು ಮಷಿನ್ನಿಗೆ ಹಾಕುವುದಿಲ್ಲ, ಅದಕ್ಕೆ ಕೈ ಕೀಸುಳಿಯೇ. ಹಳದಿ ಸಿಪ್ಪೆ ಉರುಳುರುಳಾಗಿ ಕೆಳಗೆ ಬೀಳುವಾಗ ಕೊಟ್ಟಿಗೆ ತುಂಬಾ ಹಲಸಿನ ಮರದ ಸಿಹಿ ವಾಸನೆ. ವಾಸನೆ ಚೆಂದ ಅಂತ ಮಾಸ್ಕು ಬಿಡಬಾರದು. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 1995ರಲ್ಲೇ ಮರದ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಾನು ಎನ್-95 ಹಾಕಿಕೊಳ್ಳುತ್ತೇನೆ, ಕಿಟಕಿ ತೆರೆದಿಡುತ್ತೇನೆ.

ಅಂಚು ಕೀಸುವಾಗ ಒಂದು ಉಪಾಯ ಬಳಸಿದೆ. ಪಕ್ಕದ ಆಸರೆ ಪಟ್ಟಿ ಸರಿಯಾಗಿ 90 ಡಿಗ್ರಿ ಇರುವುದು ಕಷ್ಟ, ಒಂಚೂರು ಆಚೀಚೆ ಇದ್ದೇ ಇರುತ್ತದೆ. ಸೇರಬೇಕಾದ ಎರಡು ಹಲಗೆಯನ್ನು ಮೊದಲು ನೆಲದ ಮೇಲೆ ಪಕ್ಕ ಪಕ್ಕ ಇಟ್ಟು ಮೇಲ್ಮುಖಕ್ಕೆ ಗುರುತು ಹಾಕಿದೆ. ಒಂದು ಹಲಗೆಯ ಗುರುತು ಆಸರೆಯ ಕಡೆಗೆ, ಇನ್ನೊಂದರದ್ದು ಹೊರಗಡೆಗೆ ಬರುವ ಹಾಗೆ ಅಂಚು ಕೀಸಿದೆ. ಒಂದು 89.8 ಆದರೆ ಇನ್ನೊಂದು 90.2 ಆಗುತ್ತದೆ. ಸೇರಿಸಿದಾಗ ತಪ್ಪು ತಪ್ಪನ್ನೇ ತಿಂದು ಮೇಲ್ಮೈ ಚಪ್ಪಟೆಯಾಗಿ ನಿಲ್ಲುತ್ತದೆ.

ಎರಡು ಹಲಗೆಯ ಅಂಚನ್ನು ಒಂದರ ಮೇಲೊಂದು ನಿಲ್ಲಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ನಾಲ್ಕು ಅಡಿ ಉದ್ದಕ್ಕೂ ಎಲ್ಲೂ ಬೆಳಕಿನ ಎಳೆ ಇಲ್ಲ. ಮೇಲಿನದನ್ನು ಮೆಲ್ಲಗೆ ತಳ್ಳಿದರೆ ಅದು ನಡುವಿನಲ್ಲಿ ತಿರುಗಲಿಲ್ಲ, ಎರಡೂ ತುದಿ ಕಚ್ಚಿಕೊಂಡಿತ್ತು. ಮಗಳನ್ನು ಕರೆದು ತೋರಿಸಿದೆ. ಅವಳು ಕಣ್ಣು ಹತ್ತಿರ ತಂದು ನೋಡಿ, "ಅಪ್ಪ, ಇಲ್ಲಿ ಎರಡು ಹಲಗೆ ಇದೆಯಾ?" ಅಂದಳು. ಫೆವಿಕಾಲ್ ಹಚ್ಚಿ, ನಾಲ್ಕು ಕ್ಲಾಂಪು ಹಾಕಿ, ಒಂದು ರಾತ್ರಿ ಬಿಟ್ಟೆ. ಕಾಲಿನ ತೂತುಗಳನ್ನು ಚಕ್ಕಿಗೆ 12 ಮಿ.ಮೀ. ಡ್ರಿಲ್ ಬಿಟ್ಟು ಹಾಕಿ ಕೊರೆದೆ. ಅದರಲ್ಲಿ ತೂತಿನ ಎರಡು ತುದಿ ದುಂಡಗೆ ಬರುತ್ತದೆ, ಉಳಿಯಲ್ಲಿ ಚೌಕ ಮಾಡಿದೆ.

ಮಳೆಗಾಲಕ್ಕೆ

ಆಗುಂಬೆ ನಮ್ಮ ತಾಲೂಕೇ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟಿ ಮಳೆ ಬೀಳುವ ಸೀಮೆಯ ಪಕ್ಕದಲ್ಲಿ ಬೀಡು ಕಬ್ಬಿಣ ಇಟ್ಟುಕೊಳ್ಳುವುದು ಅಂದರೆ ಜೂನ್‌ನಿಂದ ಅಕ್ಟೋಬರ್ ತನಕ ಕಾವಲು. ಪ್ಲಾಸ್ಟಿಕ್ ಹೊದೆಸಬಾರದು, ಒಳಗೆ ಬೆವರಿ ನೀರು ಕಟ್ಟುತ್ತದೆ. ಹಳೆ ಕಂಬಳಿ ಹೊದೆಸಿ, ಒಳಗೆ ಫ್ರೇಮಿನ ನಡುವೆ ತಗಡಿನ ಮರೆ ಮಾಡಿ 40 ವ್ಯಾಟಿನ ಉರಿಯುವ ಬಲ್ಬು ಒಂದನ್ನು ಹಚ್ಚಿಡುವ ವ್ಯವಸ್ಥೆ ಮಾಡಿದ್ದೇನೆ. ಬಲ್ಬಿಗೆ ಕಂಬಳಿಯೂ ಹೊಟ್ಟೂ ತಾಗಬಾರದು, ಹಚ್ಚುವ ಮುಂಚೆ ಒಳಗೆಲ್ಲ ಗುಡಿಸಲೇಬೇಕು. ಸುತ್ತಲಿನ ಗಾಳಿಗಿಂತ ಕಬ್ಬಿಣ ಎರಡು ಮೂರು ಡಿಗ್ರಿ ಬೆಚ್ಚಗಿದ್ದರೆ ಅದರ ಮೇಲೆ ತೇವ ಕೂರುವುದಿಲ್ಲ.

ತಿಂಗಳಿಗೊಮ್ಮೆ ರೋಲರಿನ ಚೈನಿಗೆ ಎಣ್ಣೆ, ದಪ್ಪ ಹೊಂದಿಸುವ ಸ್ಕ್ರೂಗಳಿಗೆ ಗ್ರೀಸು, ಮೋಟಾರಿನ ಜಾಲರಿಗೆ ಬ್ರಷ್ಷು. ಹಲಸಿಗೆ ಬ್ಲೇಡಿನ ಬಾಯಿ ಬಹಳ ದಿನ ತಾಳುತ್ತದೆ, ಸಾಗುವಾನಿಗೆ ಬೇಗ ಹೋಗುತ್ತದೆ, ಅದರೊಳಗೆ ಮರಳಿನ ಅಂಶ ಇರುತ್ತದೆ. ಸಿಪ್ಪೆ ಉರುಳುವ ಬದಲು ಪುಡಿ ಬರೋಕೆ ಶುರುವಾದರೆ ಸಾಣೆಗೆ ಕೊಡುವ ಹೊತ್ತು.

ಈಗ ಉಳಿದಿರುವುದು ತೂತು ಕೊರೆಯುವ ಕಡೆಯ ಸಣ್ಣ ಟೇಬಲ್ಲು. ಅದರ ಲಿವರಿನ ಬುಷ್ಷು ಸವೆದಿದೆ, ಮರ ತಳ್ಳಿದಾಗ ಅರ್ಧ ಮಿ.ಮೀ. ಅಲುಗಾಡುತ್ತದೆ. ಲೇತಿನವರಿಗೆ ಗನ್‌ಮೆಟಲ್ ತುಂಡು ಕೊಟ್ಟು ಬಂದಿದ್ದೇನೆ. ಗುರುವಾರ ಬಾ ಅಂದಿದ್ದಾರೆ. ಆಚಾರ್ರು ತಮ್ಮ ಮನೆಯ ದೇವರ ಕೋಣೆ ಬಾಗಿಲಿಗೆ ಎರಡು ಹೊನ್ನೆ ಹಲಗೆ ತಂದು ಕೊಟ್ಟಿಗೆಯ ಮೂಲೆಯಲ್ಲಿ ಒರಗಿಸಿ ಹೋಗಿದ್ದಾರೆ.